ಯಾರೂ ಒತ್ತದ ಬೆಲ್

ಹಳೆಯ ಕಾಲದ ಟೀವಿ ಕ್ವಿಜ್‌ಗಳು ನೋಡಲು ಲಾಯಕ್ಕಾಗಿರಲಿಲ್ಲ ಎಂದು ಆಫೀಸಿನಲ್ಲಿ ಬಾಯಿಬಿಟ್ಟು ಹೇಳಿದ್ದೇ ನಾನು ಮಾಡಿದ ತಪ್ಪು. ಅಭಿಪ್ರಾಯದಲ್ಲಿ ಈಗಲೂ ತಪ್ಪಿಲ್ಲ, ಹೇಳಿದ ಜಾಗ ತಪ್ಪು.

ನಮ್ಮದು ಹಾಸನದ ಒಂದು ಸಣ್ಣ ಕೇಬಲ್ ಚಾನೆಲ್. ಬೆಳಗ್ಗೆ ಊರಿನ ಸುದ್ದಿ, ಮಧ್ಯಾಹ್ನ ಹಳೆಯ ಹಾಡು, ಸಂಜೆ ಶುಭಾಶಯ ಮತ್ತು ಶ್ರದ್ಧಾಂಜಲಿ. ಸುದ್ದಿ ಓದುವುದೂ ನಾನೇ, ಶ್ರದ್ಧಾಂಜಲಿ ಓದುವುದೂ ನಾನೇ. ಎರಡನ್ನೂ ಒಂದೇ ಸೀರೆಯಲ್ಲಿ ಓದಬೇಕಾದ್ದರಿಂದ ತೀರಾ ಝಗಮಗವೂ ಅಲ್ಲದ, ತೀರಾ ಸಪ್ಪೆಯೂ ಅಲ್ಲದ ಸೀರೆ ಆರಿಸುವುದರಲ್ಲಿ ನಾನು ಪಳಗಿದ್ದೇನೆ.

ಅವತ್ತು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ನಮ್ಮ ಕ್ಯಾಮೆರಾಮನ್ ತಮ್ಮ ಬಾಲ್ಯದ ಕ್ವಿಜ್‌ಗಳನ್ನು ನೆನೆಸಿಕೊಂಡು ಕರಗಿಹೋಗುತ್ತಿದ್ದರು. "ಏನ್ ಗತ್ತು ಮೇಡಂ ಅವುಗಳ್ದು! ಸೂಜಿ ಬಿದ್ರೂ ಕೇಳ್ಸೋದು. ಈಗಿನೋವು ಬರೀ ಕಿರುಚಾಟ" ಅಂದರು.

"ಸೂಜಿ ಬಿದ್ರೆ ಕೇಳ್ಸ್ತಿದ್ದಿದ್ದು ನೋಡೋರೆಲ್ಲ ನಿದ್ದೆ ಹೋಗಿದ್ರಲ್ಲ, ಅದಕ್ಕೆ" ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾಲಿಗೆಗೆ ರುಚಿ ಹತ್ತಿತ್ತು, ನಿಲ್ಲಿಸಲಿಲ್ಲ. ಕೋಟಿ ಗೆಲ್ಲಿಸುವ ಕಾರ್ಯಕ್ರಮದಿಂದ ಜ್ಞಾನ ಬರುತ್ತದೆನ್ನುವುದು ಸುಳ್ಳು, ಒಂದು ಪ್ರಶ್ನೆಗೆ ನಾಲ್ಕು ನಿಮಿಷ ಢಂಢಂ ಅಂತ ಬಾರಿಸಿದರೆ ಪ್ರಶ್ನೆಯೇ ಮರೆತುಹೋಗುತ್ತದೆ ಅಂದೆ. ನಟ ನಟಿಯರು ತಮ್ಮತಮ್ಮಲ್ಲೇ ಆಟವಾಡಿ ಬಿದ್ದುಬಿದ್ದು ನಗುವ ಈಗಿನ ಶೋಗಳನ್ನು ನೋಡುವುದೆಂದರೆ ಯಾರದೋ ಮನೆಯ ಹುಟ್ಟುಹಬ್ಬವನ್ನು ಕಿಟಕಿಯಿಂದ ಇಣುಕಿ ನೋಡಿದ ಹಾಗೆ ಅಂದೆ. ಎಲ್ಲರೂ ಗೇಲಿ ಮಾಡುತ್ತಾರಲ್ಲ, ಬೀದಿಗೆ ಬಂದು ಹೆಂಗಸರ ಕೈಲಿ ಬಲೂನು ಊದಿಸಿ, ಲೋಟದ ಮೇಲೆ ಲೋಟ ಪೇರಿಸಲು ಹೇಳುವ ಕಾರ್ಯಕ್ರಮ, ಅದೇ ಇವೆಲ್ಲಕ್ಕಿಂತ ಮೇಲು ಅಂತಲೂ ಅಂದೆ. ಅಲ್ಲಿ ಯಾರೂ ಬುದ್ಧಿವಂತರ ಹಾಗೆ ನಟಿಸುವುದಿಲ್ಲ.

ಕೈ ತೊಳೆಯಲು ಬಂದಿದ್ದ ನಮ್ಮ ಯಜಮಾನರು, ಅಂದರೆ ಚಾನೆಲ್‌ನ ಮಾಲೀಕರು, ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಇಷ್ಟೆಲ್ಲ ಗೊತ್ತಿರೋರು ನೀವೇ ಒಂದ್ ಮಾಡಿ ತೋರ್ಸಿ ಮೇಡಂ. ನಾಕ್ ಊರು, ನಾಕ್ ಕಂತು. ಚೆನ್ನಾಗ್ ಬಂದ್ರೆ ವಾರವಾರ ಅರ್ಧ ಗಂಟೆ ನಿಮ್ದೇ. ಬರ್ಲಿಲ್ಲಾಂದ್ರೆ ಶ್ರದ್ಧಾಂಜಲಿ ಇದ್ದೇ ಐತಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಿಜ ಹೇಳಬೇಕೆಂದರೆ ಆ ಅರ್ಧ ಗಂಟೆ ನನಗೆ ಬಹಳ ಬೇಕಾಗಿತ್ತು. ಬೇರೆಯವರ ಮನೆಯ ಸಾವನ್ನು ಓದಿ ಓದಿ ನನ್ನ ದನಿಯೇ ಹಾಗಾಗಿಬಿಟ್ಟಿತ್ತು. ಫೋನಿನಲ್ಲಿ ನಾನು "ಹಲೋ" ಅಂದರೆ ಸಾಕು, ಮಗಳ ಗೆಳತಿಯರು ಗಾಬರಿಯಾಗಿ "ಏನಾಯ್ತು ಆಂಟಿ?" ಎಂದು ಕೇಳುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರುವಾಯಿತು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ, ಈ ಕ್ರಮದಲ್ಲಿ ಚಿತ್ರೀಕರಣ. ಪ್ರತಿ ಊರಿಗೆ ಇಪ್ಪತ್ತು ಪ್ರಶ್ನೆ, ಎಲ್ಲವೂ ಆ ಸೀಮೆಯವು. ಕೊರವಂಗಲದ ಬೂಚೇಶ್ವರ ಶಿವನೋ ವಿಷ್ಣುವೋ, ಒಂದು ಸೇರಿಗೆ ಎಷ್ಟು ಪಾವು, ಇಂಥವು. ಒಂದೊಂದನ್ನೂ ದಪ್ಪ ಕಾರ್ಡಿನ ಮೇಲೆ ಬರೆದು ಹಿಂಬದಿಯಲ್ಲಿ ಉತ್ತರ ಬರೆದೆ. ಬಹುಮಾನಕ್ಕೆ ಪಾತ್ರೆ ಅಂಗಡಿಯವರೊಬ್ಬರು ಪ್ರತಿ ಕಂತಿಗೊಂದು ಕುಕ್ಕರ್ ಕೊಡಲು ಒಪ್ಪಿದರು.

ಬೆಲ್ ಪೆಟ್ಟಿಗೆಯನ್ನು ಕ್ಯಾಮೆರಾಮನ್ ತಾವೇ ಕೂತು ಮಾಡಿದರು. ನಾಲ್ಕು ಒತ್ತುವ ಗುಂಡಿ, ನಾಲ್ಕು ಬಣ್ಣದ ಬಲ್ಬು, ಒಂದು ಬೆಲ್. ಮೊದಲು ಒತ್ತಿದವರ ಬಲ್ಬು ಹತ್ತಿದ ತಕ್ಷಣ ಉಳಿದ ಮೂರೂ ಗುಂಡಿ ಕೆಲಸ ನಿಲ್ಲಿಸಬೇಕು, ಅದಕ್ಕೆ ಒಳಗೆ ರಿಲೇ ಕೂರಿಸಿದ್ದರು. ನನ್ನ ಮೇಜಿನ ಮೇಲಿದ್ದ ಕೆಂಪು ಗುಂಡಿ ಒತ್ತಿದರೆ ಎಲ್ಲ ಮೊದಲಿನಂತಾಗುತ್ತಿತ್ತು. ನಿಯಮ ಸರಳ: ಮೊದಲು ಒತ್ತಿದವರು ಉತ್ತರ ಹೇಳಬೇಕು, ಸರಿಯಾದರೆ ಹತ್ತು ಅಂಕ, ತಪ್ಪಾದರೆ ಐದು ಕಡಿತ, ಪ್ರೇಕ್ಷಕರು ಪಿಟಕ್ಕೆನ್ನಬಾರದು. ಹಳೆಯ ಕ್ವಿಜ್‌ಗಳನ್ನು ಅಷ್ಟೊಂದು ಹೀಯಾಳಿಸಿದವಳು ಕೊನೆಗೆ ಮಾಡಿದ್ದು ಅಂಥದ್ದನ್ನೇ ಅನ್ನುವುದು ಆಗ ನನ್ನ ತಲೆಗೇ ಹೊಳೆಯಲಿಲ್ಲ. ಕ್ಯಾಮೆರಾಮನ್‌ಗೆ ಹೊಳೆದಿತ್ತು. ಖುಷಿಯಲ್ಲಿದ್ದರು, ಬಾಯಿ ಬಿಡಲಿಲ್ಲ.

ಹಾಸನದ ಕಂತು ಸಲೀಸಾಗಿ ಮುಗಿಯಿತು. ಸ್ಪರ್ಧಿಗಳು ನಾಲ್ಕು ಬೇರೆ ಬೇರೆ ಬಡಾವಣೆಯವರು, ಒಬ್ಬರಿಗೊಬ್ಬರು ಪರಿಚಯವಿಲ್ಲದವರು. ನಾನು ಪ್ರಶ್ನೆ ಓದಿ ಮುಗಿಸುವ ಮೊದಲೇ ಬೆಲ್ ಕಿರ್ರೆನ್ನುತ್ತಿತ್ತು. ಅದೇ ನಮ್ಮನ್ನು ಕೆಡಿಸಿದ್ದು. ಎಲ್ಲ ಊರೂ ಹೀಗೇ ಇರುತ್ತದೆ ಅಂದುಕೊಂಡೆವು.

ಅರಕಲಗೂಡಿನಲ್ಲಿ ಒಂದು ಮಹಿಳಾ ಸಂಘದ ನಾಲ್ವರು ಬಂದರು. ಒಂದೇ ಬೀದಿಯವರು. ಚೆಂದದ ಸೀರೆ, ತಲೆತುಂಬ ಹೂವು, ಬಾಯಿತುಂಬ ನಗು. ಮೊದಲ ಕಾರ್ಡು ಎತ್ತಿ ಓದಿದೆ: "ಗೊರೂರಿನಲ್ಲಿ ಅಣೆಕಟ್ಟು ಕಟ್ಟಿರುವುದು ಯಾವ ನದಿಗೆ?"

ಬೆಲ್ ಇಲ್ಲ. ಹತ್ತು ಸೆಕೆಂಡಿನ ಸಂಗೀತ ಮುಗಿಯಿತು. ನಾಲ್ವರೂ ನನ್ನನ್ನು ನೋಡಿ ನಗುತ್ತಿದ್ದಾರೆ. ಎರಡನೆಯದು ಓದಿದೆ, ಮೂರನೆಯದು ಓದಿದೆ. ಬೆಲ್ ಇಲ್ಲ. ಕ್ಯಾಮೆರಾಮನ್ "ಕಟ್" ಎಂದು ಕೂಗಿ ಪೆಟ್ಟಿಗೆಯ ತಿರುಪು ಬಿಚ್ಚಿದರು. ಒಂದೊಂದು ತಂತಿಯನ್ನೂ ಟೆಸ್ಟರ್ ಹಿಡಿದು ನೋಡಿದರು, ಜಮಖಾನೆಯ ಕೆಳಗೆ ಹಾಸಿದ್ದ ವೈರನ್ನು ಅಂಗೈಯಲ್ಲಿ ತಡವುತ್ತ ಮಂಡಿಯ ಮೇಲೆ ತೆವಳಿದರು. ನಾಲ್ಕೂ ಗುಂಡಿ ತಾವೇ ಒತ್ತಿದರು. ನಾಲ್ಕೂ ಸಲ ಕಿರ್ರೆಂದಿತು.

ಹಾಗಾದರೆ ಇವರಿಗೆ ಉತ್ತರ ಗೊತ್ತಿಲ್ಲ ಅಂತ ತೀರ್ಮಾನಿಸಿದೆ. ಕಾರ್ಡುಗಳನ್ನು ಪಕ್ಕಕ್ಕಿಟ್ಟು ಪ್ರಶ್ನೆಗಳನ್ನು ಸಡಿಲ ಮಾಡುತ್ತ ಹೋದೆ. ಕೊನೆಕೊನೆಗೆ "ರಾಗಿಮುದ್ದೆ ಯಾವ ಹಿಟ್ಟಿನಿಂದ ಮಾಡುತ್ತಾರೆ?" ಎಂದು ಕೇಳುವ ಮಟ್ಟಕ್ಕೆ ಇಳಿದೆ. ಅದಕ್ಕೂ ಬೆಲ್ ಇಲ್ಲ. ಒಬ್ಬರು ಮಾತ್ರ ಪಕ್ಕದವರ ತೋಳು ತಿವಿದು "ನೀವೇ ಒತ್ತಿ ಅತ್ತಿಗೆ" ಎಂದು ಪಿಸುಗುಟ್ಟಿದರು. ಅತ್ತಿಗೆ ತಮ್ಮ ಪಕ್ಕದವರ ಕಡೆ ಕೈ ತೋರಿಸಿದರು.

ಊಟಕ್ಕೆ ಕೂತಾಗ ವಿಷಯ ಹೊರಬಿತ್ತು. ನಾನು ಅನುಕಂಪ ತೋರುತ್ತ "ಪ್ರಶ್ನೆ ಸ್ವಲ್ಪ ಕಷ್ಟ ಆಯ್ತೇನೋ" ಅಂದೆ. ನಾಲ್ವರಲ್ಲಿ ಕಿರಿಯವರು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು.

"ಎಲ್ಲಾ ಗೊತ್ತಿತ್ತು ಕಣಕ್ಕ. ಏಮಾವತಿ ಅನ್ನೋದು ಗೊತ್ತಿಲ್ವಾ? ನಮ್ಮತ್ತಿಗೆ ಪಕ್ಕದಲ್ ಕುಂತವ್ರೆ. ಅವ್ರಿಗಿಂತ ಮುಂಚೆ ನಾನು ಕುಟ್ಟಿಬುಟ್ರೆ ನೋಡ್ದೋರು ಏನಂದಾರು?"

"ನಾನು ಒತ್ಬೋದಿತ್ತು" ಎಂದರು ಅತ್ತಿಗೆ, "ಆದ್ರೆ ಸಂಗದ ಅಧ್ಯಕ್ಷರು ಇವ್ರು. ಅವ್ರನ್ನ ಬುಟ್ಟು ನಾನ್ ಒತ್ತಕಾಯ್ತದಾ?"

ಅಧ್ಯಕ್ಷರು ಸಾರಿನ ಸೌಟು ಕೆಳಗಿಟ್ಟರು. "ಅಧ್ಯಕ್ಷಳಾಗಿ ನಾನೇ ಎಲ್ಲಾನೂ ಬಾಚ್ಕೊಂಡ್ರೆ ನಾಳೆ ಮೀಟಿಂಗ್‌ನಲ್ಲಿ ಮಕ ಎತ್ತದೆಂಗೆ?"

ಎಡಿಟಿಂಗ್‌ನಲ್ಲಿ ಸುಮ್ಮನೆ ಕೂತ ಭಾಗವನ್ನೆಲ್ಲ ಕತ್ತರಿಸಿದ ಮೇಲೆ ಅರಕಲಗೂಡಿನ ಕಂತು ಉಳಿದದ್ದು ಏಳು ನಿಮಿಷ. ನಮಗೆ ಬೇಕಿದ್ದುದು ಇಪ್ಪತ್ತನಾಲ್ಕು.

ಪರಿಹಾರ ಕಣ್ಣೆದುರಿಗೇ ಇದೆಯಲ್ಲ ಅನ್ನಿಸಿತು. ಹಾಸನದಂತೆ ಅಪರಿಚಿತರನ್ನು ಕೂರಿಸಿದರೆ ಮುಗಿಯಿತು. ಚನ್ನರಾಯಪಟ್ಟಣದಲ್ಲಿ ಸಂಘ ಗಿಂಘ ಏನೂ ಬೇಡವೆಂದು ಬಂದವರ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು, ತಾಲ್ಲೂಕಿನ ನಾಲ್ಕು ದಿಕ್ಕಿಗೆ ನಾಲ್ಕು ಬಿಂದಿಗೆ ಇಟ್ಟು, ಒಂದೊಂದರಿಂದ ಒಂದೊಂದು ಚೀಟಿ ಎತ್ತಿಸಿದೆ. ಬಂದ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಆದರೆ ಕಾಲರ್ ಮೈಕಿನಲ್ಲಿ ಏನೋ ಗೊರಗೊರ ಸದ್ದು ಬಂತು. ಅದನ್ನು ಸರಿಮಾಡಲು ಇಪ್ಪತ್ತು ನಿಮಿಷ ಹಿಡಿಯಿತು, ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಸ್ಪರ್ಧಿಗಳಿಗೆ ಕಾಫಿ ತಂದರು. ನಾನು ಮೈಕಿನ ಹತ್ತಿರವಿದ್ದೆ. ಹಿಂದಿನಿಂದ ಮಾತು ಕೇಳಿಸುತ್ತಿತ್ತು.

"ನಿಮ್ದು ಯಾವೂರು?" "ತವರ್ಮನೆ ಎಲ್ಲಿ?" "ಓ, ಅಲ್ಗೆ ನಮ್ ಚಿಕ್ಕಮ್ಮನ್ನ ಕೊಟ್ಟೈತೆ! ಕೆರೆ ಏರಿ ಕೆಳ್ಗಳ ಮನೆ." "ಅಯ್ಯೋ, ಅವ್ರು ನಮ್ ದೊಡ್ಡಪ್ಪನ ಸೊಸೆ ಅಲ್ವಾ? ಅಂಗಾದ್ರೆ ನಾನು ನಿಮ್ಗೆ ಅತ್ತೆ ಆಗ್ಬೇಕು!"

ಓಡಿಹೋಗಿ ಬಿಡಿಸುವಷ್ಟರಲ್ಲಿ ಕಾಲ ಮಿಂಚಿತ್ತು. ಹತ್ತೇ ನಿಮಿಷದಲ್ಲಿ ಒಬ್ಬರು ಅಕ್ಕ, ಒಬ್ಬರು ಅತ್ತಿಗೆ, ಒಬ್ಬರು ವರಸೆಯಲ್ಲಿ ಅತ್ತೆ ಆಗಿ ಕೂತಿದ್ದರು. ಆ ಮಧ್ಯಾಹ್ನ ಪೂರ್ತಿ ಬೆಲ್ ಹೊಡೆದದ್ದು ಮೂರೇ ಸಲ, ಅದರಲ್ಲೂ ಒಂದು ಸಲ ಮೊಣಕೈ ತಾಗಿ.

ಮಾರನೆಯ ದಿನ ಯಜಮಾನರು ಚಿತ್ರೀಕರಣವನ್ನು ಅರ್ಧ ನೋಡಿ ಕನ್ನಡಕ ತೆಗೆದಿಟ್ಟರು.

"ಇದು ಗೇಮ್ ಶೋನಾ ಮೇಡಂ, ಹೆಣ್ ನೋಡೋ ಶಾಸ್ತ್ರಾನಾ? ವೊಳೆನರಸೀಪುರಕ್ಕೆ ನಾನೇ ಬತ್ತೀನಿ. ಅಲ್ಲೂ ಇಂಗೇ ಆದ್ರೆ ಆ ಅರ್ಧ ಗಂಟೇನ ಜ್ಯೋತಿಷ್ಯದೋರು ಕೇಳ್ತಾವ್ರೆ, ಕೊಟ್ಬುಡನ."

ಬೇಜಾರಾಯಿತು. ಅವರ ಮಾತಿಗಲ್ಲ, ನನ್ನ ಮೇಲೆಯೇ. ದೊಡ್ಡ ದೊಡ್ಡ ಶೋಗಳನ್ನೆಲ್ಲ ಜರೆದವಳಿಗೆ ನಾಲ್ಕು ಜನರ ಕೈಲಿ ಒಂದು ಗುಂಡಿ ಒತ್ತಿಸಲು ಆಗಲಿಲ್ಲ. ಅವತ್ತು ಸಂಜೆ ಶ್ರದ್ಧಾಂಜಲಿ ಓದುವಾಗ ನನ್ನ ದನಿ ಎಷ್ಟು ಹದವಾಗಿ ಬಂತೆಂದರೆ ಕ್ಯಾಮೆರಾಮನ್ ಹೊಗಳಿದರು.

ಹೊಳೆನರಸೀಪುರಕ್ಕೆ ನಾಲ್ಕು ದಿನ ಬಾಕಿ ಇತ್ತು. ಚನ್ನರಾಯಪಟ್ಟಣದ್ದರಲ್ಲಿ ಏನಾದರೂ ಉಳಿಸಿಕೊಳ್ಳಬಹುದಾ ಎಂದು ಬೆಳಗ್ಗೆ ಬೇಗ ಬಂದು ಎಡಿಟಿಂಗ್ ಕೋಣೆಯಲ್ಲಿ ಕೂತೆ. ದೊಡ್ಡ ಕ್ಯಾಮೆರಾದ್ದೆಲ್ಲ ನೋಡಿ ಮುಗಿಸಿ ಸ್ಪರ್ಧಿಗಳ ಕಡೆ ತಿರುಗಿಸಿಟ್ಟಿದ್ದ ಎರಡನೇ ಕ್ಯಾಮೆರಾದ್ದು ಹಾಕಿದೆ. ಮೈಕ್ ಸರಿಮಾಡುವ ಗಡಿಬಿಡಿಯಲ್ಲಿ ಕ್ಯಾಮೆರಾಮನ್ ಅದನ್ನು ಆರಿಸುವುದನ್ನೇ ಮರೆತಿದ್ದರು. ಕಾಫಿ ಕುಡಿದ ಇಪ್ಪತ್ತು ನಿಮಿಷವೂ ಅದರಲ್ಲಿತ್ತು.

ತಟ್ಟೆಯಲ್ಲಿ ನಾಲ್ಕು ಲೋಟ. ಮೊದಲನೆಯವರು ತಟ್ಟೆಯನ್ನು ಎರಡನೆಯವರ ಕಡೆ ತಳ್ಳುತ್ತಾರೆ. ಅವರು ಇವರ ಕೈ ಹಿಡಿದು ತಡೆಯುತ್ತಾರೆ. ಮೂರನೆಯವರು ಒಂದು ಲೋಟ ಕಿತ್ತುಕೊಂಡರು ಅಂದುಕೊಂಡರೆ, ಕಿತ್ತುಕೊಂಡದ್ದು ನಾಲ್ಕನೆಯವರ ಕೈಗೆ ತುರುಕಲು. ನಾಲ್ಕನೆಯವರು ಎದ್ದು ನಿಂತು ಎರಡೂ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ಕೂಗಾಟ, ನಗು, ಸೀರೆಗೆ ಕಾಫಿ. ಇಡೀ ದಿನದ ಚಿತ್ರೀಕರಣದಲ್ಲಿ ನಾನು ಮುಂದಕ್ಕೆ ಓಡಿಸದೆ ನೋಡಿದ್ದು ಅದೊಂದನ್ನೇ. ಎರಡು ಸಲ ನೋಡಿದೆ.

ಇವರಿಗೆ ಪೈಪೋಟಿ ಬರುವುದಿಲ್ಲ ಅಂದುಕೊಂಡಿದ್ದು ನನ್ನ ದಡ್ಡತನ. ಇವರು ಪೈಪೋಟಿಯಲ್ಲಿ ಭಯಂಕರ ಜನ. ಆದರೆ ಅವರ ಪೈಪೋಟಿ ಬಿಟ್ಟುಕೊಡುವುದರಲ್ಲಿ. ನಾನು ಅದನ್ನು ತಡೆದು ಕೂರಿಸಿ, ಬೇರೊಂದು ಆಟ ಆಡಿ ಎನ್ನುತ್ತಿದ್ದೆ.

ನಿಯಮವನ್ನು ಅಲ್ಲೇ ಕೂತು ಬದಲಾಯಿಸಿದೆ. ಬೆಲ್ ಒತ್ತಿದವರು ಉತ್ತರ ಹೇಳುವಂತಿಲ್ಲ. ಯಾರು ಹೇಳಬೇಕು ಅನ್ನುವುದನ್ನು ಅವರು ಹೇಳಬೇಕು. ಆ ಇನ್ನೊಬ್ಬರು ಸರಿ ಹೇಳಿದರೆ ಇಬ್ಬರಿಗೂ ಹತ್ತು ಹತ್ತು. ತಪ್ಪು ಹೇಳಿದರೆ ಒತ್ತಿದವರಿಗೆ ಐದು ಕಡಿತ.

ಕ್ಯಾಮೆರಾಮನ್‌ಗೆ ತಮ್ಮ ಬಾಲ್ಯಕ್ಕೇ ಅವಮಾನವಾದಂತಾಯಿತು. "ಉತ್ತರ ಗೊತ್ತಿಲ್ದೋರು ಬೆಲ್ ಒತ್ತೋ ಕ್ವಿಜ್ಜು ಎಲ್ಲಾದ್ರೂ ಉಂಟಾ ಮೇಡಂ?"

"ಪೆಟ್ಟಿಗೇಲಿ ಏನಾದ್ರೂ ಬದಲಾಯಿಸ್ಬೇಕಾ?"

"ಪೆಟ್ಟಿಗೆಗೇನು, ಅದು ಕಿರ್ರನ್ನುತ್ತೆ. ನಂಗೆ ಎದೆ ಉರಿಯೋದು ಬೇರೆ ವಿಷ್ಯ."

ಹೊಳೆನರಸೀಪುರದ ಕಲ್ಯಾಣ ಮಂಟಪಕ್ಕೆ ಯಜಮಾನರು ನಮಗಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನಾಲ್ವರು ಸ್ಪರ್ಧಿಗಳಲ್ಲಿ ಇಬ್ಬರು ತೆಂಗಿನಕಾಯಿ ಮಂಡಿಯವರ ಮನೆಯ ವಾರಗಿತ್ತಿಯರು, ಒಬ್ಬರು ನಿವೃತ್ತ ಟೀಚರಮ್ಮ, ಒಬ್ಬರು ಹಳ್ಳಿಮೈಸೂರಿನಿಂದ ಬಸ್ಸಿನಲ್ಲಿ ಬಂದ ಹೆಂಗಸು. ಈ ಸಲ ಕಾಫಿಯನ್ನು ನಾನೇ ತರಿಸಿಕೊಟ್ಟೆ. ನಿಯಮ ಹೇಳಿದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊದಲ ಪ್ರಶ್ನೆ ಪೂರ್ತಿ ಓದಲು ಬಿಡಲಿಲ್ಲ, ಕಿರ್ರೆಂದಿತು. "ಟೀಚರಮ್ಮ ಏಳ್ಲಿ!" ಟೀಚರಮ್ಮ ಹೇಳಿದರು, ಸರಿ. ಎರಡನೆಯದಕ್ಕೂ ಕಿರ್ರೆಂದಿತು. "ಟೀಚರಮ್ಮ!" ಮೂರನೆಯದು, ನಾಲ್ಕನೆಯದು, ಐದನೆಯದು, ಎಲ್ಲದಕ್ಕೂ ಟೀಚರಮ್ಮ. ಅವರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಯಜಮಾನರು ಮೊಬೈಲ್ ಹೊರಗೆ ತೆಗೆದಿದ್ದರು. ಇತ್ತ ಜನ ಎಂದಿನಂತೆ ಹಿಂದಿನ ಸಾಲಿನಿಂದ ಉತ್ತರ ಕೂಗುತ್ತಿದ್ದರು, ಸುಮ್ಮನಿರಿಸಿ ಸಾಕಾಗಿತ್ತು.

"ಕಟ್" ಎನ್ನದೆ, ಕ್ಯಾಮೆರಾ ಓಡುತ್ತಿದ್ದಂತೆಯೇ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಇನ್ನು ಮೇಲೆ ಟೀಚರಮ್ಮ ಸೇರಿದಂತೆ ಈ ನಾಲ್ವರ ಹೆಸರು ಹೇಳುವ ಹಾಗಿಲ್ಲ. ಎದುರಿಗೆ ಕೂತಿರುವವರಲ್ಲಿ ಯಾರನ್ನು ಬೇಕಾದರೂ ಎಬ್ಬಿಸಿ!"

ಇಷ್ಟು ಹೊತ್ತು ಕೂಗುತ್ತಿದ್ದವರೆಲ್ಲ ಮುಂದಿನವರ ಬೆನ್ನ ಹಿಂದೆ ತಲೆ ತಗ್ಗಿಸಿದರು. ಕ್ಯಾಮೆರಾಮನ್ ಹೆಗಲ ಮೇಲಿನ ಕ್ಯಾಮೆರಾವನ್ನು ತಟ್ಟನೆ ಜನರ ಕಡೆ ತಿರುಗಿಸಿದರು. ಅವರ ಮುಖದಲ್ಲಿ ಎದೆ ಉರಿಯೇನೂ ಕಾಣಲಿಲ್ಲ.

ಆಮೇಲೆ ನಡೆದದ್ದನ್ನು ಬರೆಯಲು ನನ್ನ ಕೈ ಸಾಲದು. ದೊಡ್ಡ ವಾರಗಿತ್ತಿ ತಮ್ಮ ಗಂಡನನ್ನೇ ಎಬ್ಬಿಸಿ ಒಂದು ಸೇರಿಗೆ ಎಷ್ಟು ಪಾವು ಎಂದು ಹೇಳಿಸಿದರು. ಆತ ನಾಲ್ಕು ಎಂದು ಸರಿಯಾಗಿ ಹೇಳಿದ್ದಕ್ಕೆ "ಮನೇಲಿ ಯಾವ್ದೂ ಗೊತ್ತಿಲ್ದಂಗೆ ಇರ್ತಾರೆ" ಎಂದು ಮೈಕಿನಲ್ಲೇ ದೂರಿದರು. ಚಿಕ್ಕ ವಾರಗಿತ್ತಿ ಮೂಲೆಯಲ್ಲಿ ಅವಿತಿದ್ದ ಅಡುಗೆಯವರನ್ನು ಎಳೆದರು. ಟೀಚರಮ್ಮ ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ ನಿಲ್ಲಿಸಿ, ಅವರು ತಪ್ಪಿದಂತೆಲ್ಲ ಗಳಿಸಿದ್ದ ಅಂಕ ಕಳೆದುಕೊಂಡರು. ನರೆತ ಮೀಸೆಯ ಒಬ್ಬರು ತಪ್ಪು ಹೇಳಿ ಕೈಕಟ್ಟಿ ನಿಂತೇ ಇದ್ದರು, ಟೀಚರಮ್ಮ "ಕೂತ್ಕೊ" ಎನ್ನುವ ತನಕ. ಅಂಕದಲ್ಲಿ ಮಾತ್ರ ಹಳ್ಳಿಮೈಸೂರಿನವರು ಮೇಲಿದ್ದರು. ಯಾರಿಗೆ ಏನು ಗೊತ್ತಿರುತ್ತದೆ ಎಂದು ಮುಖ ನೋಡಿಯೇ ಅಂದಾಜು ಮಾಡುತ್ತಿದ್ದರು.

ಕೊನೆಯ ಕಾರ್ಡು. ಹಳ್ಳಿಮೈಸೂರಿನವರು ಎಲ್ಲರಿಗಿಂತ ಐದೇ ಅಂಕ ಮುಂದೆ. ಅವರ ಬೆನ್ನಿಗೇ ವಾರಗಿತ್ತಿಯರಲ್ಲಿ ದೊಡ್ಡವರು.

"ಹಿತಕಿದ ಬೇಳೆ ಸಾರಿಗೆ ಅವರೆಕಾಳಿನ ಸಿಪ್ಪೆ ತೆಗೆಯುವ ಮುಂಚೆ ಕಾಳಿಗೆ ಏನು ಮಾಡಬೇಕು?"

ಕಿರ್ರೆಂದಿತು. ಹಳ್ಳಿಮೈಸೂರಿನವರು. ಸಭೆಯ ಮೇಲೆ ನಿಧಾನವಾಗಿ ಕಣ್ಣಾಡಿಸಿ ಮುಂದಿನ ಸಾಲಿಗೆ ಬಂದರು. "ಅಗೋ, ಕನ್ನಡಕ ಆಕ್ಕಂಡು ಕಾಲ್ ಮೇಲ್ ಕಾಲ್ ಆಕ್ಕಂಡವ್ರಲ್ಲ, ಆ ಸಾ ಏಳ್ಲಿ. ಮೈ ನೋಡುದ್ರೆ ಚೆಂದಾಗ್ ಉಂಡಿರೋರು, ಗೊತ್ತಿರ್ತದೆ."

ಯಜಮಾನರು ಕಾಲಿಳಿಸಿದರು. ಮೊಬೈಲ್ ಜೇಬಿಗೆ ಹೋಯಿತು. ನನ್ನನ್ನು ನೋಡಿದರು, ನಾನು ಕಾರ್ಡು ನೋಡಿಕೊಂಡೆ. ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಗತ್ತಿನಿಂದ "ಬೇಯಿಸ್ಬೇಕು" ಅಂದರು.

ಇನ್ನೂರು ಹೆಂಗಸರು ಒಟ್ಟಿಗೆ ನಕ್ಕರೆ ಎಂಥ ಸದ್ದು ಬರುತ್ತದೆ ಎನ್ನುವುದು ನನಗೆ ಅವತ್ತೇ ಗೊತ್ತಾದದ್ದು.

"ತಪ್ಪು ಸಾರ್" ಎಂದೆ. "ನೆನೆಸಬೇಕು. ನೆನೆಸಿ ಹಿತುಕಬೇಕು."

"ಅದೆಂಗೆ ತಪ್ಪು? ನಮ್ಮನೇಲಿ ಬೇಯಿಸೇ ಮಾಡದು!"

"ನೆನ್ಸೋ ವೊತ್ನಲ್ಲಿ ನೀವ್ ಮನೇಲಿ ಇರಾಕಿಲ್ಲ ಕಣ್ಬುಡಿ ಸಾ" ಎಂದರು ಹಳ್ಳಿಮೈಸೂರಿನವರು. ಅವರಿಗೆ ಐದು ಅಂಕ ಕಳೆದು ಈಗ ಇಬ್ಬರೂ ಸಮ.

ಯಜಮಾನರು ಕೂರಲಿಲ್ಲ. ಅಂಕದ ಬೋರ್ಡು ನೋಡಿದರು, ಆಕೆಯನ್ನು ನೋಡಿದರು, ಮುಖ ಕೆಂಪಾಯಿತು. ಕಾರ್ಯಕ್ರಮ ಮುಚ್ಚಿಸಲು ಬಂದಿದ್ದ ಮನುಷ್ಯ ವೇದಿಕೆಯ ಹತ್ತಿರ ಬಂದು ನಿಂತು ಹೇಳಿದ್ದು ಇಷ್ಟು: "ನನ್ ದೆಸೆಯಿಂದ ಈಯಮ್ಮಂಗೆ ಐದು ಓಯ್ತು. ಇನ್ನೊಂದ್ ಕೇಳಿ ಮೇಡಂ. ನಂಗೇ ಕೇಳಿ."

ಇಪ್ಪತ್ತೂ ಮುಗಿದಿತ್ತು. ಖಾಲಿ ಕೈ ತೋರಿಸಿದೆ. "ಕಾರ್ಡೆಲ್ಲ ಮುಗೀತು ಸಾರ್. ಇನ್ನೇನಿದ್ರೂ ಮುಂದಿನ ವಾರ."

ಅವರು ಬೇಡ ಅನ್ನಲಿಲ್ಲ. ಜ್ಯೋತಿಷ್ಯದವರ ಸುದ್ದಿಯನ್ನೂ ಎತ್ತಲಿಲ್ಲ. ಹಣೆ ಒರೆಸಿಕೊಂಡು "ಮುಂದಿನ್ ವಾರ ಎಲ್ಲಿ?" ಎಂದು ಕೇಳಿದರು. ನನ್ನ ಪಟ್ಟಿಯಲ್ಲಿ ಐದನೆಯ ಊರೇ ಇರಲಿಲ್ಲ.

"ನಮ್ಮೂರ್ಗೇ ಬನ್ನಿ, ಅಳ್ಳಿಮೈಸೂರ್ಗೆ" ಎಂದರು ಆಕೆ ನನ್ನ ಬದಲಿಗೆ.

"ಬತ್ತೀವಿ. ಆದ್ರೆ ನನ್ನ ಮತ್ತೆ ಎಬ್ಬಿಸ್‌ಬಾರ್ದು, ಈಗ್ಲೇ ಏಳ್ಬುಟ್ಟಿದ್ದೀನಿ."

ಆಕೆ ಇನ್ನೂ ಗುಂಡಿಯ ಮೇಲಿನಿಂದ ಕೈ ತೆಗೆದಿರಲಿಲ್ಲ.

"ಅದು ನೀವ್ ಏಳದಲ್ಲ ಸಾ, ಬೆಲ್ ಒತ್ತೋರು ಏಳದು."